ಮರುಲೋಡು, ಉಪ್ಪಳ

ರಾತ್ರಿ ಒಂದೂ ನಲವತ್ತು. ಉಪ್ಪಳದ ಸ್ಕ್ಯಾನ್ ಸೆಂಟರು.
ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಫಿನಾಯಿಲ್ ಬಾಟಲಿಗಳ ನಡುವೆ
ರೂಟರಿನ ಹಸಿರು ಕಣ್ಣು.
ಇಲ್ಲಿಂದ ಹೊರಡಲು ಎರಡು ತಂತಿ:
ಬಡಗಿನದು ತಲಪಾಡಿ ದಾಟಿ ಮಂಗಳೂರಿಗೆ,
ತೆಂಕಿನದು ಕುಂಬಳೆ, ಕಾಸರಗೋಡು, ಆಮೇಲೆ ಎಲ್ಲಿಗೋ.

ನಾನೇ ಬರೆದ ನಿಯಮ:
ಬಿಲ್ಲು, ವಿಮೆ, ಸರಕಾರಿ ಕಾಗದ ತೆಂಕಿಗೆ.
ತಲೆ, ಎದೆ, ಮುರಿದ ಮೂಳೆಗಳ ಚಿತ್ರ
ಗುರುತು ಹಾಕಿಸಿಕೊಂಡು ಬಡಗಿಗೆ,
ನಿದ್ದೆಗೆಟ್ಟ ಡಾಕ್ಟರರ ಪರದೆಗೆ.

ಫೈರ್‌ವಾಲ್ ಮರುಲೋಡು ಮಾಡಿದಾಗೆಲ್ಲ
ಗೋಡೆ ತನ್ನನ್ನು ತಾನೇ ಒರಸಿಕೊಂಡು
ಮೊದಲ ಸಾಲಿನಿಂದ ಓದುತ್ತದೆ, ಒಂದನೇ ಕ್ಲಾಸಿನ ಮಗುವಿನ ಹಾಗೆ.
ದಾರಿಗಳ ಪಟ್ಟಿ ಹಾಗಲ್ಲ. ಅದಕ್ಕೆ ಮರೆವಿಲ್ಲ.
ಗೋಡೆ ಎದ್ದಾಗಲೆಲ್ಲ ನನ್ನ ಸ್ಕ್ರಿಪ್ಟು
'ಬಡಗಿಗೆ ಹೋಗು' ಎಂದು ಇನ್ನೊಮ್ಮೆ ಬರೆದಿದೆ.
ಇವತ್ತು ಎಣಿಸಿದರೆ ಹದಿಮೂರು.
ಒಂದೇ ಮಾತು ಹದಿಮೂರು ಸಲ,
ಪಂಚಾಯತಿಗೆ ನಾವು ಕೊಟ್ಟ ಅರ್ಜಿಗಳ ಹಾಗೆ:
ಫಾರಂ ಕನ್ನಡದಲ್ಲಿ ಕೊಡಿ, ಫಾರಂ ಕನ್ನಡದಲ್ಲಿ ಕೊಡಿ.

ಅಳಿಸಿಬಿಡೋಣ ಎಂದುಕೊಂಡೆ. ಅಳಿಸಿದೆ.
ಹೊಸದು ಬರೆಯುವ ಮುನ್ನ ಎರಡು ಸೆಕೆಂಡು,
ಹೆಚ್ಚೆಂದರೆ ಮೂರು.
ಮೇಲಿನಿಂದ ಗ್ಲಾಡಿಸ್ ಮೊಂತೇರೊ ಕೂಗಿದಳು:
"ಅರವತ್ತೆರಡಕ್ಕೆ ನಿಂತಿತು ಮಾರಾಯ!"

ಬೈಕಿನಿಂದ ಜಾರಿದ ಹುಡುಗನೊಬ್ಬನ ತಲೆ.
ಕಿವಿಯಿಂದ ಮೇಲಿನದು ಮಂಗಳೂರು ಸೇರಿದೆ.
ಉಳಿದದ್ದು ನಿಯಮವಿಲ್ಲದೆ ತೆಂಕು ತಂತಿಗೆ ಬಿದ್ದು
ಯಾವುದೋ ಬಾಗಿಲು ತಟ್ಟುತ್ತಿದೆ.
ಯಾರ ಮಗ? ಯಾವ ಊರು? ಗುರುತಿಲ್ಲ, ಹೋಗು.

ಆ ವರ್ಷ ಗಡಿಯ ರಸ್ತೆಗೆ ಮಣ್ಣು ಸುರಿದಿದ್ದರು.
ಅಮ್ಮನ ಡಯಾಲಿಸಿಸ್ ಚೀಟಿ ಹಿಡಿದು
ನಾನು ರಾಶಿಯ ಈಚೆ ನಿಂತಿದ್ದೆ.
ಹಳೆಯ ಪಾಸು ನಡೆಯುವುದಿಲ್ಲ ಎಂದರು,
ಹೊಸದು ಇನ್ನೂ ಬಂದಿಲ್ಲ ಎಂದರು.
ಬೇರೇನೂ ಹೇಳುವುದಿಲ್ಲ ಅದರ ಬಗ್ಗೆ.

ಫೈಲು ತೆರೆದು ಎರಡು ಸಾಲುಗಳ ಜಾಗ ಅದಲುಬದಲು ಮಾಡಿದೆ.
ತೋಡಿಗೆ ಹೊಸ ಸಂಕ ಇಟ್ಟಮೇಲೆಯೇ ಹಳೆಯದನ್ನು ಎಳೆಯುವುದು;
ಎಲ್ಲರಿಗೂ ಗೊತ್ತಿರುವ ಸಂಗತಿ,
ನನಗೂ ಗೊತ್ತಿತ್ತು.

"ಗ್ಲಾಡಿಸ್, ಮತ್ತೆ ಕಳುಹಿಸು."
ನೂರಾಗುವ ತನಕ ಕೀಲಿಮಣೆ ಮುಟ್ಟಲಿಲ್ಲ,
ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದೆ.
ಆಮೇಲೆ ಒತ್ತಿದೆ. ಗೋಡೆ ಬಿತ್ತು, ಗೋಡೆ ಎದ್ದಿತು.
ವಾಚ್‌ಮನ್ ಖಾಲಿದಿಚ್ಚ ಮೊಬೈಲು ಹಿಡಿದು ಇಣುಕಿದರು:
"ನೆಟ್ ಉಂಟಾ?"
"ಹೋಗಿತ್ತಾ?" ಎಂದೆ.
"ಇಲ್ಲ, ಸುಮ್ಮನೆ ಕೇಳಿದ್ದು."

ಪಟ್ಟಿ ತೆಗೆದು ನೋಡಿದೆ.
ಬಡಗಿಗೆ ಹೋಗು. ಒಂದೇ ಸಾಲು.
ಇನ್ನೊಮ್ಮೆ ಮರುಲೋಡು.
ಒಂದೇ.