ಹಾಸುಬಟ್ಟೆಯ ಮೇಲೊಂದು ಕಲೆ

ಏಕ್ರನ್ ಊರಲ್ಲಿ ಆಗ ಗಾಳಿಗೂ ರಬ್ಬರಿನ ವಾಸನೆ,
ಒಗೆದು ಹರವಿದ ಅಂಗಿ ಸಂಜೆಗೆ ಟೈರಿನ ಹಾಗೆ ನಾರುತ್ತಿತ್ತು.
ಎಪ್ಪತ್ತಮೂರರ ಮಾರ್ಚಿ. ಗಂಬಳಿ ಅಂಗಡಿಯ ಮೇಲಂತಸ್ತು,
ಮೂರು ತಿಂಗಳ ಬಾಡಿಗೆ ಬಾಕಿ.
ಗೋಡೆಗೆ ಮೊಳೆ ಹೊಡೆದು ಬಿಗಿದದ್ದು ನನ್ನ ಹಾಸುಬಟ್ಟೆ,
ನಟ್ಟನಡುವೆ ನಾನೇ ಚೆಲ್ಲಿದ ದ್ರಾಕ್ಷಿರಸದ ಕಲೆ.

ಪ್ರೊಜೆಕ್ಟರು ಕೆಮ್ಮಿ ಕೆಮ್ಮಿ ಎಚ್ಚರಾದರೆ
ಸಿನಿಮಾ ಅದರ ಮೇಲೆ ಮೂಕವಾಗಿ ಬಂದು ಬೀಳುತ್ತಿತ್ತು.
ಮಾತು ಆಮೇಲೆ ಅಂಟಿಸೋಣ ಎಂದ ಡೆವಿಟ್ ಗ್ಯಾಸ್ಕಿನ್ಸ್,
ನಿರ್ದೇಶಕ, ಹಗಲು ಹೊತ್ತು ಶವಪೆಟ್ಟಿಗೆಯ ವ್ಯಾಪಾರಿ.
ಹಾಗಾಗಿ ಖಳರ ಕಾರು ಉದ್ದನೆಯದು, ಕರಿಯದು,
ಕಿಟಕಿಗೆ ಜಾಲರಿ ಪರದೆ.
ಸೋಮವಾರ ಅದಕ್ಕೆ ಬೇರೆ ಕೆಲಸವಿತ್ತು.

ಸ್ವರಲಿಪಿ ಯಾರೂ ಬರೆಯಲಿಲ್ಲ. ಲೆಕ್ಕವೆಲ್ಲ ನನ್ನ ಕಲೆಯದೇ:
ಕಾರು ಕಲೆ ದಾಟಿತೋ, ತುತ್ತೂರಿ.
ನಾಯಕಿಯ ಮೂಗು ಕಲೆಗೆ ತಾಕಿತೋ, ಆರ್ಗನ್.
ಗುಂಡು ತಗುಲಿದವನು ಸರಿಯಾಗಿ ಕಲೆಯೊಳಗೇ ಕುಸಿದ,
ಬಣ್ಣದ ಖರ್ಚು ಉಳಿಯಿತು ಎಂದು ನಕ್ಕರು.

ಅಮ್ಮ, ಓರ್ಲೀನ್ ಟಿಬ್ಸ್, ಎರಡನೇ ಪಾಳಿ ಮುಗಿಸಿ ಬಂದ ಬೆರಳಲ್ಲಿ
ಬೇಸ್ ಗಿಟಾರಿನ ದಪ್ಪ ತಂತಿ ಎಳೆದು ಬಿಟ್ಟರೆ
ಕೆಳಗೆ ಸುತ್ತಿಟ್ಟ ಗಂಬಳಿಗಳಿಂದ ಧೂಳೇಳುತ್ತಿತ್ತು.
ಫಂಕ್ ಅಂದರೆ ಏನಮ್ಮಾ ಎಂದೆ.
"ಇಲ್ಲಿ ಬೀಳ್ತಾಳೆ ಅಂತ ಎಲ್ಲರೂ ಕೈ ಚಾಚಿದಾಗ
ಬೀಳದೇ ಇರೋದು."

ಸಿನಿಮಾ ಒಂದೇ ರುಚಿಗೆ ಒಪ್ಪಲಿಲ್ಲ.
ಮದುವೆಗೆಂದು ಪಕ್ಕದ ಬೀದಿಯ ಹಂಗೇರಿಯ ಮುದುಕ
ಲಾಯೋಶ್ ಕೆರೆಕೆಶ್ ಅಕಾರ್ಡಿಯನ್ ಹೊತ್ತು ಬಂದ,
ಸಂಬಳ ಒಂದು ಬಾಟಲಿ ಬ್ರಾಂದಿ, ಅದನ್ನೂ ಅವನೇ ತಂದಿದ್ದ.
ಸಾವಿಗೆ ಚರ್ಚಿನ ಮೂವರು ಅಕ್ಕಂದಿರು,
ಸಿನಿಮಾ ಕಡೆ ಬೆನ್ನು ತಿರುಗಿಸಿ, ಟೋಪಿ ತೆಗೆಯದೆ ಹಾಡಿದರು.
ಗಂಡಹೆಂಡಿರ ಜಗಳಕ್ಕೆ ಬಾಣಲೆ, ನಮ್ಮನೆಯದೇ.
ಎರಡನೇ ಮಗ್ಗುಲಿನ ಕೊನೆಯ ಹಾಡು ಕಿವಿಗೊಟ್ಟು ಕೇಳಿ,
ಇಸ್ತ್ರಿಪೆಟ್ಟಿಗೆ ಉಸಿರುಬಿಡುತ್ತದೆ.

ಇನ್ನು ಓಟ.
ನಾಯಕ ಕ್ಲಿಯೋಫಸ್ ರೇನಿ ಕಾರ್ಖಾನೆಯ ಹಿತ್ತಲಲ್ಲಿ
ಸವೆದ ಟೈರುಗಳ ಗುಡ್ಡದ ನಡುವೆ ಓಡಬೇಕು.
ಅವನ ಎಡಮಂಡಿ ಅಚ್ಚಿನ ಯಂತ್ರಕ್ಕೆ ಸಿಕ್ಕು ಎರಡು ವರ್ಷ.
ಓಡಿದ. ಒಂದು, ಎರಡು,
        ಮೂರು, ನಾಲ್ಕು.
ಡ್ರಮ್ಮಿನ ಲೂಶಸ್ ಪೆಟ್‌ವೇ ಬಟ್ಟೆಯಿಂದ ಕಣ್ಣು ಕೀಳದೆ
ಆ ಕಾಲಿಗೆ ತಕ್ಕ ಪೆಟ್ಟು ಹಾಕಿದ:
ಮೂರನೆಯದು ಎಳ್ಳಷ್ಟು ತಡ.
ಅಮ್ಮ ಆ ಎಳ್ಳಿನೊಳಗೆ ಹೊಕ್ಕು ಕೂತಳು.
ಕೋಣೆಗೇ ಸೊಂಟ ಬಂತು.

ಒಂದು ರಾತ್ರಿ ಕ್ಲಿಯೋಫಸ್ ಮೆಟ್ಟಿಲು ಹತ್ತಿ ಬಂದು
ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.
"ನನ್ನನ್ನ ಅಣಕಿಸ್ತೀಯೇನೋ?"
ಲೂಶಸ್ ಉತ್ತರಿಸಲಿಲ್ಲ. ಪೆಟ್ಟು ನೆಟ್ಟಗೆ ಮಾಡಿ ಬಾರಿಸಿದ.
ಹಾಡು ಅಲ್ಲೇ ಸತ್ತಿತು.
ಬಟ್ಟೆಯ ಮೇಲಿನವನು ತಾಳಕ್ಕೆ ಹಿಂದೆ ಬಿದ್ದು ಬಿದ್ದು ಓಡಿದ,
ಈಗ ನಿಜಕ್ಕೂ ಕುಂಟ.
ಎಷ್ಟೋ ಹೊತ್ತು ಪ್ರೊಜೆಕ್ಟರಿನದೊಂದೇ ಸದ್ದು.
"ಮೊದಲಿದ್ದ ಹಾಗೇ ಬಾರಿಸಪ್ಪಾ" ಎಂದ,
ಗಂಬಳಿಯ ಸುರುಳಿ ಮೇಲೆ ನನ್ನ ಪಕ್ಕ ಕೂತ,
ಕಾಲು ಚಾಚಿ.

ಸಿನಿಮಾ ಹನ್ನೊಂದು ದಿನ ನಡೆಯಿತು. ಜನ ಅಳಬೇಕಾದ ಕಡೆ ನಕ್ಕರು.
ಈಗ ಹುಡುಗರು ಹುಡುಕಿಕೊಂಡು ಬರುತ್ತಾರೆ,
ಆ ಹಾಡಿನ ಎರಡು ಚಿಟಿಕೆ ಕತ್ತರಿಸಿ ಇಡೀ ರಾತ್ರಿ ಕುಣಿಯುತ್ತಾರಂತೆ.
ಆ ತಡ ಯಾವ ಯಂತ್ರದಲ್ಲಿ ತಂದಿರಿ ಅಜ್ಜೀ?
ರಬ್ಬರು ಒತ್ತುವ ಯಂತ್ರದಲ್ಲಿ ಎಂದೆ.
ಒಬ್ಬ ಹೆಸರು ಬರೆದುಕೊಂಡ.

ಕೊನೆಯ ರಾತ್ರಿ ಅಮ್ಮ ಮೊಳೆ ಕಿತ್ತು ಬಟ್ಟೆ ಇಳಿಸಿದಳು.
ಎರಡು ಸಲ ಒಗೆದಳು. ಕಲೆ ಹೋಗಲಿಲ್ಲ,
ಮೂಲೆಗಳಲ್ಲಿ ನಾಲ್ಕು ತೂತು ಹೆಚ್ಚಾಗಿದ್ದವು.
ಅದನ್ನೇ ಹಾಸಿಕೊಂಡು ಮಲಗಿದೆ,
ಒಂದು ತೂತಿಗೆ ಕಾಲಿನ ಹೆಬ್ಬೆರಳು ತೂರಿಸಿ.