ಯೆಲ್ಲೆ

ಹೆಸರು ಕೇಳಿ ನಕ್ಕುಬಿಟ್ಟಿದ್ದೆ ಮೊದಲ ದಿನ.
“ಯೆಲ್ಲೆ ಬ್ರಾಂಡ್ಸ್ಮಾ” ಅಂದ, ತೊಯ್ದ ಕೋಟು ಬಿಚ್ಚುತ್ತ.
ನಮ್ಮಲ್ಲಿ ಎಲ್ಲೆಯೆಂದರೆ ಗಡಿ, ಊರ ಹೊರಗಿನ ಕಲ್ಲು
ಅಂದಾಗ ಪೆನ್ಸಿಲು ಕಿವಿಗೆ ಸಿಕ್ಕಿಸಿ
ತುಸು ಹೊತ್ತು ಸುಮ್ಮನಿದ್ದ.
“ಹಾಗಾದರೆ ಸಂಬಳ ತಗೊಂಡು ನನ್ನನ್ನೇ ಹುಡುಕುತ್ತಿದ್ದೇನೆ.”

ಹಲ್ ನಗರ, ಎಪ್ಪತ್ತೊಂದನೇ ಇಸವಿ.
ಗಣಿತ ವಿಭಾಗದ ಬೆರಳಚ್ಚುಗಾರ್ತಿ ನಾನು,
ಗದಗಿನ ಸರ್ಟಿಫಿಕೇಟು, ಮಿನಿಟಿಗೆ ಐವತ್ತು ಪದ.
ಅವನ ಪುಟದಲ್ಲಿ ಪದಗಳೇ ಕಡಿಮೆ.
ಇಂಗ್ಲಿಷಿಗೊಂದು ಅಚ್ಚಿನ ಗುಂಡು, ಗ್ರೀಕಿಗೊಂದು ಗುಂಡು,
ತೆಗೆ, ಹಾಕು, ತೆಗೆ, ಹಾಕು,
ಯಂತ್ರದಲ್ಲಿಲ್ಲದ ಚಿಹ್ನೆಗೆ ಬೆರಳಗಲ ಜಾಗ ಬಿಡು.
ಸಂಜೆ ಕೂತು ಕಪ್ಪು ಶಾಯಿಯಲ್ಲಿ ತುಂಬುತ್ತಿದ್ದ,
ಕುಸುರೆಳ್ಳು ಮಾಡುವವರ ತಾಳ್ಮೆ.

ಹದಿನಾರು ವರ್ಷ ಒಂದೇ ಪ್ರಶ್ನೆ:
ಮಣ್ಣಿನ ಒಡ್ಡಿಗೆ ಸಮುದ್ರ ಒರಗಿದಾಗ
ಒಳಗೆ ಒದ್ದೆ ಎಲ್ಲಿ ಮುಗಿಯುತ್ತದೆ, ಒಣ ಎಲ್ಲಿ ಶುರು?
ಗೆರೆ ಗೊತ್ತಾಗದೆ ನೀರು ಗೊತ್ತಾಗದು,
ನೀರು ಗೊತ್ತಾಗದೆ ಗೆರೆ ಗೊತ್ತಾಗದು.
ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು
ಅಂತೀವಿ ನಾವು, ಅಂದೆ.
ಮರುದಿನ ಕ್ಲಾಸಿನ ಬೋರ್ಡಿನ ಮೇಲೆ ಅದೇ ಇತ್ತಂತೆ.

ಐವತ್ಮೂರರ ನೆರೆಯ ಮಾತು ಬಂದದ್ದು ಒಮ್ಮೆ.
ಝೀಲಂಡಿನಲ್ಲಿ ಒಡ್ಡು ಕಾಯುವ ಅಪ್ಪ
ಆ ಸಂಜೆ ಅಂಗೈ ಒತ್ತಿ ನೋಡಿ
“ಒಣಗಿದೆ” ಎಂದು ಮನೆಗೆ ಬಂದು ಉಂಡಿದ್ದನಂತೆ.
ತಂಗಿ ಆಫ್ಕೆಗೆ ಒಂಬತ್ತು.
ಟೀ ಆರಿತು. ಮುಂದೆ ಹೇಳಲಿಲ್ಲ.

ದಿನಾ ಸಂಜೆ ಹಂಬರಿನಿಂದ ರಾಟರ್‌ಡ್ಯಾಮಿಗೆ ಹಡಗು.
ಕೂಗು ಕೇಳಿದರೆ ಗಡಿಯಾರಕ್ಕೆ ಕೀ ಕೊಡುತ್ತಿದ್ದ, ಅಷ್ಟೇ.
ಹತ್ತಲಿಲ್ಲ. ಪ್ರೊಫೆಸರೂ ಆಗಲಿಲ್ಲ;
ಅವನ ವಿದ್ಯಾರ್ಥಿಗಳು ಆದರು.

ಎಂಬತ್ತೇಳರ ಮಾರ್ಚಿನಲ್ಲಿ ಹೋದ.
ನನ್ನ ಮೇಜಿನ ಮೇಲೆ ಟೈಪಾದ ನಲವತ್ತು ಪುಟ,
ತುಂಬಾ ಖಾಲಿ ಜಾಗ.
ಅವನ ಗೀಚು ಓದಲು ಬರುತ್ತಿದ್ದುದು ನನಗೊಬ್ಬಳಿಗೆ.
ಅವನದೇ ಶಾಯಿ, ಅವನದೇ ನಿಬ್ಬು.
ಮೂರು ರಾತ್ರಿ ತುಂಬಿ ಅಂಚೆಗೆ ಹಾಕಿದೆ.

ಚಳಿಗಾಲಕ್ಕೆ ಉತ್ತರ ಬಂತು: ಅಚ್ಚಿಗೆ ಒಪ್ಪಿದ್ದೇವೆ.
ಹನ್ನೊಂದನೇ ಪುಟದಲ್ಲಿ ಮಾತ್ರ ಒಂದು ಗುರುತು ತಿರುಗಿದೆ,
ಒದ್ದೆಯಿರಬೇಕಾದ ಕಡೆ ಒಣಗಿದೆ.

ಅವನ ಹಾಳೆ ಹುಡುಕಿ ತೆಗೆದೆ. ಹನ್ನೊಂದನೇ ಪುಟ.
ಸರಿಯಾಗಿ ಅಲ್ಲೇ ಟೀ ಕಲೆ,
ಪೆನ್ಸಿಲು ಎಡಕ್ಕೆ ಬಾಗಿದೆಯೋ ಬಲಕ್ಕೋ.
ಅವನದೋ ನನ್ನದೋ.
ಕಿಟಕಿಯ ಬೆಳಕಿಗೆ ಹಿಡಿದೆ,
ಮೇಜಿನ ಮೇಲಿಟ್ಟು ಅಂಗೈ ಒತ್ತಿದೆ.