ಎಡಗಿವಿಯ ಟಕ್

ಬಾಯಿಗೆ ಬಂದಂತೆ ಮಾತಾಡಿದವನಲ್ಲ ನಾನು.
ನಲವತ್ತು ವರ್ಷ ಈ ಬಾಯಿಗೆ ಬಂದದ್ದು
ರಬ್ಬರಿನ ಬೆಣೆಗಳು ಮಾತ್ರ,
ಒಂದು ತಂತಿಯ ಶ್ರುತಿ ಹಿಡಿಯುವಾಗ
ಅಕ್ಕಪಕ್ಕದವನ್ನು ಸುಮ್ಮನಿರಿಸಲು.
ಎರಡು ಕೈಗೂ ಕೆಲಸ. ಹಲ್ಲೇ ಮೂರನೆಯ ಕೈ.

ಫೆಬ್ರವರಿ. ಕುತೈಸಿಯ ಸಂಗೀತ ಶಾಲೆ.
ಎತೇರಿಯವರ ಹಳೆಯ ‘ಕೆಂಪು ಅಕ್ಟೋಬರ್’ ಪಿಯಾನೊ.
ಬೆಣೆ ತೆಗೆಯಲು ಬಾಯಿ ತೆರೆದೆ, ನಡುವಿನ ‘ಲಾ’ ಒತ್ತಿದೆ:
ಟಕ್.
ಮುಂದಿನ ಹಲಗೆ ಬಿಚ್ಚಿದೆ,
ಸುತ್ತಿಗೆಗಳ ಸಾಲನ್ನೇ ಹೊರಗೆಳೆದೆ.
ಸಿಕ್ಕಿದ್ದು ಒಂದು ಹೇರ್‌ಪಿನ್, ತುಂಡು ಪೆನ್ಸಿಲ್,
ಸೋವಿಯತ್ ಕಾಲದ ಮೂರು ಕೊಪೆಕ್ ನಾಣ್ಯ.
ಮತ್ತೆ ಜೋಡಿಸಿದೆ. ಟಕ್.
‘ನನಗೇನೂ ಕೇಳಿಸುತ್ತಿಲ್ಲ, ಬಾದ್ರಿ’ ಎಂದರು ಎತೇರಿ,
ಸ್ವರ ಕೂದಲೆಳೆ ಇಳಿದರೂ ಹುಬ್ಬು ಗಂಟಿಕ್ಕುವವರು.
ಪಾಠಕ್ಕೆ ಕಾದಿದ್ದ ಹುಡುಗ, ತೋರ್ನಿಕೆ, ಒಂಬತ್ತು ವರ್ಷ,
ನನ್ನ ಭುಜದ ಹತ್ತಿರ ಬಂದು ನಿಂತ.
‘ಪಿಯಾನೊ ಅಲ್ಲ ಮಾಮ. ನೀವು.’

ನಾನುಲಿ ಡಾಕ್ಟರು ಕಿವಿಯ ಮುಂದೆ ಬೆರಳಿಟ್ಟು
ತೆರೆಯಿರಿ, ಮುಚ್ಚಿ, ತೆರೆಯಿರಿ ಅಂದರು.
ನೋವು ಕೆನ್ನೆಯಿಂದ ಕತ್ತಿಗಿಳಿಯಿತು.
‘ಕಿವಿ ಸರಿಯಾಗಿದೆ. ಗಲಾಟೆ ಪಕ್ಕದ ಮನೆಯದು.
ದವಡೆಯ ಕೀಲಿನೊಳಗೆ ಪುಟ್ಟದೊಂದು ಬಿಲ್ಲೆ,
ಜಾರುತ್ತದೆ, ಮತ್ತೆ ಬಂದು ಕೂರುತ್ತದೆ.’
ಆಮೇಲೆ ಕೈ ತೊಳೆಯುತ್ತ,
‘ರಾತ್ರಿಯೆಲ್ಲ ಏನನ್ನು ಕಡಿಯುತ್ತೀರಿ?’

ಹೇಳಲಿಲ್ಲ.
ತೊಂಬತ್ತಮೂರರ ಚಳಿಗಾಲ, ಕರೆಂಟಿಲ್ಲ, ಗ್ಯಾಸಿಲ್ಲ.
ಅದೇ ಶಾಲೆಯ ಎರಡನೆಯ ಪಿಯಾನೊವನ್ನು
ಒಲೆಗೆಂದು ಬಿಚ್ಚಿಕೊಟ್ಟವನು ನಾನೇ.
ಬಿಗಿದ ತಂತಿಗೆ ಕೊಡಲಿ ಬಿದ್ದರೆ ಮುಖಕ್ಕೇ ಹಾರುತ್ತದೆ,
ಅದು ಗೊತ್ತಿದ್ದವನು ಊರಲ್ಲಿ ನಾನೊಬ್ಬ.
ಇನ್ನೂರಿಪ್ಪತ್ತು ತಂತಿ. ಒಂದೊಂದಾಗಿ ಇಳಿಸಿದೆ.
ಶ್ರುತಿ ಮಾಡಲು ಏನೂ ಇರಲಿಲ್ಲ.
ಆದರೂ ಬಾಯಲ್ಲಿ ಬೆಣೆ ಇಟ್ಟುಕೊಂಡಿದ್ದೆ.

‘ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ.’
ಇಷ್ಟೇ ಔಷಧ, ಜೊತೆಗೆ ಬಿಸಿ ಬಟ್ಟೆ, ಮೆತ್ತನೆಯ ಊಟ.
ತುಟಿ ಮುಚ್ಚಿಕೊಂಡು ಹಲ್ಲು ಬಿಡುವುದಂತೆ!
ಹಲ್ಲು ಕಚ್ಚಿಯೇ ಬದುಕಿದವನಿಗೆ
ಅರವತ್ತು ದಾಟಿದ ಮೇಲೆ ಈ ಪಾಠ.
ಭಾನುವಾರ ಖಿಂಕಾಲಿಗೆ ಚಾಕು ಹಾಕಿದೆ.
ಒಳಗಿನ ಸಾರೆಲ್ಲ ತಟ್ಟೆಗೆ ಹರಿಯಿತು,
ಬೀಗರು ಕಿಟಕಿಯ ಕಡೆ ನೋಡಿದರು.

ಈಗ ಬೆಣೆಗಳು ಜೇಬಿನಲ್ಲಿ. ಸದ್ದು ಹೋಗಿಲ್ಲ.
ಅಳೆದಿದ್ದೇನೆ: ‘ಮಿ’ಗಿಂತ ತುಸು ಕೆಳಗೆ.
ಅದನ್ನು ಏರಿಸುವ ಕೀಲಿ ನನ್ನ ಪೆಟ್ಟಿಗೆಯಲ್ಲಿಲ್ಲ.
ಶಾಲೆಗೆ ಹೋದರೆ ತೋರ್ನಿಕೆ ಓಡಿ ಬರುತ್ತಾನೆ,
ಬೆಂಚು ಹತ್ತಿ ನನ್ನ ದವಡೆಗೆ ಕಿವಿ ಹಚ್ಚುತ್ತಾನೆ.
ಆಕಳಿಸುತ್ತೇನೆ.
‘ಇನ್ನೊಮ್ಮೆ’ ಅನ್ನುತ್ತಾನೆ.